ಮೂವತ್ತೆಂಟು ಒಲೆ

ನನ್ನ ಜಾಣತನಕ್ಕೆ ಬೆಂಕಿ ಬೀಳಲಿ. ಊರಲ್ಲಿ ಮೂವತ್ತೆಂಟು ಒಲೆ ಎಂದು ಕೈಯಾರೆ ಬರೆದುಕೊಂಡವಳು ನಾನು. ಬರೆಸಿದವಳು ಒಲೆಯಮ್ಮ.

ಅಣೆಕಟ್ಟಿನ ನೀರಿಗೆ ಮುಳುಗಲಿದ್ದ ಊರೊಂದರ ಜನಕ್ಕೆ ನಗರದ ಅಂಚಿನಲ್ಲಿ ಮನೆಗಳಾಗಬೇಕಿತ್ತು. ನಕ್ಷೆ ಬರೆಯುವ ಕೆಲಸ ನನ್ನದು. ಒಲೆಯಮ್ಮ ಆ ಊರಿನಲ್ಲಿ ಮಣ್ಣಿನ ಒಲೆ ಹಾಕಿಕೊಡುವವಳು. ಅವಳಿಗೂ ಒಂದು ಹೆಸರಿತ್ತು, ಆದರೆ ಸರ್ಕಾರಿ ಕಾಗದ ಬಿಟ್ಟರೆ ಅದನ್ನು ಕೇಳುವವರಿರಲಿಲ್ಲ. ಮದುವೆಯಾದ ಮೂರೇ ವರ್ಷಕ್ಕೆ ಗಂಡ ತೀರಿಕೊಂಡ. ಇನ್ನೂ ಮೂಗು ಒರೆಸಿಕೊಳ್ಳಲು ಬಾರದಿದ್ದ ಇಬ್ಬರು ಮೈದುನರನ್ನು ಸಾಕಿ, ಮದುವೆ ಮಾಡಿಸಿ, ಹದಿನಾಲ್ಕು ಜನಕ್ಕೆ ಒಂದೇ ಪಾತ್ರೆಯಲ್ಲಿ ಬೇಯಿಸಿ ಬಡಿಸುತ್ತಿದ್ದ ಹೆಂಗಸು ಅವಳು. ನಾನು ಸದಾ ಗೆರೆ ಎಳೆಯುತ್ತಿರುತ್ತೇನೆಂದು ನನಗೆ ಗೆರೆಯಮ್ಮ ಎಂದು ಹೆಸರಿಟ್ಟಳು.

ನನ್ನ ಮೊದಲ ನಕ್ಷೆ ನೋಡಿ, "ಈ ಅಡುಗೆಮನೆ ಹೊಗೆ ಎಲ್ಲಿಗೆ ಹೋಗ್ಬೇಕು ಗೆರೆಯಮ್ಮ? ನನ್ನ ಮೂಗಿಗಾ?" ಎಂದು ಬಿದ್ದು ಬಿದ್ದು ನಕ್ಕಿದ್ದಳು. ನಾನು ತಿದ್ದಿದೆ. ಗೋಡೆಯೊಳಗೆ ಹೊಗೆಗೊಂದು ಕೊಳವೆ ಬಂತು. ಅದೇ ನೆಲದ ಮಣ್ಣಿನ ಇಟ್ಟಿಗೆ, ಗಾಳಿಯಾಡಲು ಜಾಲಂಧ್ರ, ಮಳೆನೀರಿಗೆ ತೊಟ್ಟಿ, ನಾಲ್ಕು ಮನೆ ಸೇರಿ ಒಂದು ಅಂಗಳ. ಎಲ್ಲವನ್ನೂ ಅವಳನ್ನು ಕೇಳಿಯೇ ಮಾಡಿದೆ.

ಎಷ್ಟು ಮನೆ ಎಂಬುದನ್ನೂ ಅವಳನ್ನೇ ಕೇಳಿದೆ. ಅವರು ಸಂಸಾರವನ್ನು 'ಒಲೆ' ಎಂದೇ ಎಣಿಸುತ್ತಾರೆಂದು ತಿಳಿದಿತ್ತು. ಜನರ ಮಾತಿನಲ್ಲೇ ಕೇಳುವವಳು ನಾನೊಬ್ಬಳೇ ಎಂಬ ಜಂಬ ಬೇರೆ. ಸರ್ಕಾರಿ ನಮೂನೆಯಲ್ಲಿದ್ದ 'ಕುಟುಂಬ'ವನ್ನು ಹೊಡೆದು ಹಾಕಿ 'ಒಲೆ' ಎಂದು ಬರೆದೆ.

"ಊರಲ್ಲಿ ಎಷ್ಟು ಒಲೆ ಅಮ್ಮಾ?"

ಅವಳು ಬೆರಳು ಮಡಿಸುತ್ತ ಮನೆ ಮನೆಯನ್ನೂ ನೆನೆದಳು. "ಮೂವತ್ತೆಂಟು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ."

ಮೂವತ್ತೆಂಟು ಮನೆ ಎದ್ದವು. ಎರಡು ಕೋಣೆ, ಒಂದು ಅಡುಗೆಮನೆ, ಐದಾರು ಜನಕ್ಕೆ ಅಚ್ಚುಕಟ್ಟು. ತಲೆ ಎಣಿಸಬೇಕಿದ್ದ ಕಚೇರಿ ನನ್ನ ಹಾಳೆಯನ್ನೇ ನಕಲು ಮಾಡಿಕೊಂಡು ಕೂತಿತ್ತು. ಅದು ನನಗೆ ಗೊತ್ತಾಗಿದ್ದು ಬೀಗದ ಕೈ ಕೊಡುವ ದಿನ. ಅಲ್ಲಿಯವರೆಗೆ ಪಕ್ಕದ ತಗಡಿನ ಶೆಡ್ಡುಗಳಲ್ಲಿದ್ದ ಊರಿನವರು ಗಂಟುಮೂಟೆ ಹೊತ್ತು ಬಂದರು. ಒಂದು ಬಾಗಿಲ ಮುಂದೆ ಒಂಬತ್ತು ಜನ, ಇನ್ನೊಂದರ ಮುಂದೆ ಹದಿನೇಳು. ಒಲೆಯಮ್ಮನ ಬಾಗಿಲಲ್ಲಿ ಹದಿನಾಲ್ಕು. ಅವಳು ಒಳಗೆಲ್ಲ ಸುತ್ತಾಡಿ ಹೊರಗೆ ಬಂದಳು.

"ಚೆನ್ನಾಗಿದೆ ಮಗಳೇ. ಮಿಕ್ಕ ಕೋಣೆಗಳೆಲ್ಲಿ?"

ನಾನು ನಕ್ಷೆ ಬಿಚ್ಚಿ ಹಿಡಿದೆ. "ನೀವೇ ಅಲ್ವಾ ಒಂದು ಒಲೆ ಅಂದಿದ್ದು?"

"ಒಟ್ಟಿಗೆ ಉಣ್ತೀವಿ, ಅದಕ್ಕೆ ಒಂದೇ ಒಲೆ. ಒಟ್ಟಿಗೆ ಒಂದೇ ಚಾಪೇಲಿ ಮಲಗ್ತೀವಿ ಅಂದಿದ್ನಾ?"

ಯಾರೋ ನಕ್ಕರು. ಎರಡು ವರ್ಷ ಆ ಜನದ ನಡುವೆ ಓಡಾಡಿದವಳಿಗೆ ಇಷ್ಟು ದೊಡ್ಡದು ಕಾಣಲಿಲ್ಲವಲ್ಲ!

ಕಚೇರಿಗೆ ಓಡಿದೆ. ಮೇಲಧಿಕಾರಿ ತಲೆಯೆತ್ತದೆ ಹೇಳಿದರು: "ಒಲೆಗೊಂದು ಮನೆ ಅಂತ ನೀವೇ ಬರೆದು ಕೊಟ್ಟಿದ್ದೀರಿ. ಪಕ್ಕದ ಜಾಗ ಖಾಲಿ ಇದೆ, ಕಟ್ಟೋಣ. ಬೇರೆ ಒಲೆ ಇದ್ರೆ ತೋರಿಸಿ, ಸೋಮವಾರ ಬರ್ತೀನಿ. ಇಲ್ಲಾಂದ್ರೆ ಆ ಜಾಗ ಗಾಡಿ ನಿಲ್ಲಿಸೋಕೆ ಹೋಗುತ್ತೆ."

ಇಷ್ಟೇ ತಾನೇ ಎಂದುಕೊಂಡು ಒಲೆಯಮ್ಮನ ಹತ್ತಿರ ಬಂದೆ. ಶೆಡ್ಡುಗಳು ಇನ್ನೂ ನಿಂತಿದ್ದವು. ಒಂದೊಂದರಲ್ಲಿ ಒಂದೊಂದು ಒಲೆ ಹಾಕಿದರೆ ಮುಗಿಯಿತು. "ನಾಲ್ಕು ಇಟ್ಟಿಗೆ, ಎರಡು ಹಿಡಿ ಮಣ್ಣು. ಒಂದು ದಿನದ ನಾಟಕ ಅಮ್ಮಾ," ಎಂದೆ.

ಅವಳು ಸಿಡಿದೆದ್ದಳು. "ಒಲೆ ಬೇರೆ ಮಾಡೋದು ಅಂದ್ರೆ ಏನು ಗೊತ್ತಾ ನಿನಗೆ? ಮನೆ ಒಡೆಯೋದು! ಜಗಳ ಆಡ್ಕೊಂಡು ಬೇರೆ ಒಲೆ ಹಾಕ್ಕೊಡು ಅಂತ ಎಷ್ಟು ಜನ ಬಂದಿದ್ರು. ಒಬ್ಬರಿಗೂ ಹಾಕ್ಕೊಟ್ಟಿಲ್ಲ. ನಮ್ಮೂರಲ್ಲಿ ಮೂವತ್ತೆಂಟೇ ಯಾಕಿತ್ತು ಅಂದ್ಕೊಂಡೆ?"

ಆಗ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಅವಳ ಕಿರಿಯ ವಾರಗಿತ್ತಿ ಮೆಲ್ಲಗೆ ಹೇಳಿದಳು: "ಅಕ್ಕಾ, ಮಗು ಕಾಲು ಚಾಚೋಕೂ ಜಾಗ ಇಲ್ಲ."

ಮರುದಿನ ಬೆಳಿಗ್ಗೆ ನೋಡಿದರೆ ಒಲೆಯಮ್ಮ ಮಣ್ಣು ನೆನೆಹಾಕಿದ್ದಳು. ನಾಲ್ಕು ದಿನದಲ್ಲಿ ನಲವತ್ತೊಂದು ಒಲೆ ಹಾಕಿದಳು. ಸೊಂಟ ಹಿಡಿದುಕೊಂಡು ಏಳುತ್ತಿದ್ದಳು, ಮುಂದಿನ ಶೆಡ್ಡಿಗೆ ಹೋಗಿ ಕೂರುತ್ತಿದ್ದಳು. ಅಷ್ಟು ದಿನವೂ ನನ್ನನ್ನು ಒಮ್ಮೆಯೂ ಛೇಡಿಸಲಿಲ್ಲ.

ಸೋಮವಾರ ಬಂದ ಅಧಿಕಾರಿ ಒಂದು ಒಲೆಯೊಳಗೆ ಕಡ್ಡಿ ಆಡಿಸಿದರು. "ಬೂದಿ ಎಲ್ಲಿ? ನನ್ನ ಕಿವಿಗೆ ಹೂ ಇಡ್ತೀರಾ? ಒಂದು ತಿಂಗಳು ಉರಿಸಿ. ಹೇಳದೇ ಕೇಳದೇ ಬರ್ತೀನಿ."

ಹೀಗೆ ಸಂಸಾರಗಳು ಮತ್ತೆ ಶೆಡ್ಡುಗಳಿಗೆ ಹಂಚಿಹೋಗಿ ನಲವತ್ತೊಂದು ಒಲೆಗಳೂ ಉರಿಯಬೇಕಾಯಿತು. ತಿಂಗಳೊಂದು ಕಳೆದು, ಒಂದು ಬೆಳಿಗ್ಗೆ ಅಧಿಕಾರಿ ಬಂದು ಎಲ್ಲ ಒಲೆಗಳ ಬೂದಿಯನ್ನೂ ನೋಡಿ ಒಪ್ಪಿಗೆ ಕೊಟ್ಟರು. ಮಧ್ಯಾಹ್ನ ರುಜು ಬಿದ್ದ ಕಾಗದ ಹಿಡಿದು ನಾನು ಕುಣಿಯುತ್ತ ಬಂದೆ. ಮೊದಲು ಸಿಕ್ಕಿದ್ದು ಕಿರಿಯ ವಾರಗಿತ್ತಿಯ ಶೆಡ್ಡು.

"ಮನೆ ಸಿಕ್ತು! ಇನ್ನು ಈ ಒಲೆ ಕಿತ್ತು ಹಾಕಿ!"

ಅವಳು ಮಕ್ಕಳಿಗೆ ಬಡಿಸುತ್ತಿದ್ದಳು. ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. "ಯಾಕೆ ಕೀಳ್ಬೇಕು? ಮದುವೆ ಆಗಿ ಹನ್ನೊಂದು ವರ್ಷ. ನನ್ನ ಮಕ್ಕಳಿಗೆ ನಾನೇ ಬೇಯ್ಸಿ ಬಡಿಸ್ತಿರೋದು ಇದೇ ಮೊದಲು." ಸಿಟ್ಟಿಲ್ಲ, ಸೆಡವಿಲ್ಲ, ಕಣ್ಣಲ್ಲಿ ನೀರಿತ್ತು. ಪಕ್ಕದ ಶೆಡ್ಡಿನಲ್ಲೂ ಒಲೆ ಉರಿಯುತ್ತಿತ್ತು, ಅದರಾಚೆಯದರಲ್ಲೂ.

ಒಲೆಯಮ್ಮನ ಮನೆಗೆ ಹೋದೆ. ನಾನು ಬರೆದ ಅಡುಗೆಮನೆ, ಹೊಗೆಯ ಸುಳಿವೇ ಇಲ್ಲ. ಒಲೆಯ ಮೇಲೆ ಆ ದೊಡ್ಡ ಪಾತ್ರೆ ಅಂಚಿನವರೆಗೆ ತುಂಬಿತ್ತು. ಎರಡು ಕೋಣೆಗಳ ಗೋಡೆಯುದ್ದಕ್ಕೂ ಹದಿನಾಲ್ಕು ತಟ್ಟೆ. ಒಂದರ ಮುಂದೆಯೂ ಜನವಿರಲಿಲ್ಲ.

"ಒಪ್ಪಿದ್ರು ಅಂತ ಬೆಳಿಗ್ಗೆ ಗೊತ್ತಾಯ್ತು," ಎಂದಳು. "ಇವತ್ತಿಂದ ಎಲ್ಲ ಒಟ್ಟಿಗೆ ಅಂದ್ಕೊಂಡು ಮಾಡ್ಬಿಟ್ಟೆ."

ನಾನು ಕಾಗದ ಚಾಚಿದೆ. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ. ಒಂದು ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ಕೂತ್ಕೋ ಗೆರೆಯಮ್ಮ, ಉಣ್ಣು. ಆಮೇಲೆ ತಿದ್ದಿ ಬರ್ಕೋ. ಎಪ್ಪತ್ತೊಂಬತ್ತು ಒಲೆ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ."