ಡಾಕ್ಟರಮ್ಮ ಕೇಳಿದ ಎಮ್ಮೆ ಸಮಾಚಾರ

ಇವತ್ತು ಬೆಳಗ್ಗೆ ನನ್ನ ಮಗಳು ಪಂಪಾವತಿ ನನ್ನನ್ನು ಬೈದು, ನನ್ನ ತೊಡೆಯ ಮೇಲಿದ್ದ ಮೊಮ್ಮಗನನ್ನು ಕಿತ್ತುಕೊಂಡಳು! ಇದಕ್ಕಿಂತ ಸಂತೋಷದ ಸುದ್ದಿ ಈ ವರ್ಷ ನಮ್ಮ ಚಿತ್ತವಾಡ್ಗಿಯಲ್ಲಿ ಯಾರ ಮನೆಯಲ್ಲಾದರೂ ಆಗಿದ್ದರೆ ಹೇಳಿ, ನಾನೇ ಬಂದು ಸಕ್ಕರೆ ಹಂಚುತ್ತೇನೆ.

ಎಣ್ಣೆ ಹಚ್ಚಿ, ನೀರು ಹಾಕಿ, ಲೋಬಾನದ ಹೊಗೆ ಹಿಡಿದು ಕೂಸಿಗೆ ಅಂಗಿ ತೊಡಿಸುತ್ತಿದ್ದೆ. "ಏನಬೇ ಯವ್ವ, ಹಂಗ ಹಿಡೀತಾರೇನು ಕೂಸನ್ನ? ಕುತ್ತಿಗಿ ಉಳುಕತೈತಿ, ತಾ ಇತ್ಲಾಗ!" ಅಂದಳು. ಮೂರು ಮಕ್ಕಳನ್ನು ಹೆತ್ತು, ಓಣಿಯ ಅರ್ಧ ಕೂಸುಗಳಿಗೆ ನೀರು ಹಾಕಿದವಳು ನಾನು. ನನಗೆ ಕೂಸು ಹಿಡಿಯಲು ಬರುವುದಿಲ್ಲವಂತೆ! ಬಚ್ಚಲ ಬಾಗಿಲಲ್ಲೇ ಕೂತು ಅತ್ತುಬಿಟ್ಟೆ. ನಗುವೂ ಬರುತ್ತಿತ್ತು, ಹೊಗೆಯೂ ಕಣ್ಣಿಗೆ ಹೋಗುತ್ತಿತ್ತು. ಯಾವುದಕ್ಕೆ ಎಷ್ಟು ಕಣ್ಣೀರು ಅಂತ ನನಗೇ ತಿಳಿಯಲಿಲ್ಲ.

ಬೈಸಿಕೊಂಡು ಹಿಗ್ಗುವ ಇವಳೆಂಥ ಮುದುಕಿ ಅಂತೀರಾ? ಹಾಗಾದರೆ ಕೇಳಿ. ಹೆರಿಗೆಯಾದಾಗಿನಿಂದ ಪಂಪಿ ಕೂಸಿನ ಮುಖ ನೆಟ್ಟಗೆ ನೋಡಿರಲಿಲ್ಲ. ಹಾಲು ಕುಡಿಸುತ್ತಿದ್ದಳು, ಮುಖ ಮಾತ್ರ ಗೋಡೆಯ ಕಡೆ. ಮಲಗು ಅಂದರೆ ಕಣ್ಣು ತೆರೆದೇ ಮಲಗುವಳು. ಒಂದು ದಿನ ಮೆಲ್ಲಗೆ, "ಇವನಿಗೆ ತಾಯಿ ಆಗಾಕ ನಾ ಲಾಯಕ್ಕಿಲ್ಲಬೇ. ಯಾರಿಗಾರ ಚೊಲೋ ಮಂದಿಗಿ ಕೊಟ್ಟುಬಿಡು" ಅಂದಳು.

ನಾನು ಸಣ್ಣವಳಿದ್ದಾಗ ಕಂಪ್ಲಿಯಲ್ಲಿ ನಮ್ಮ ಚಿಗವ್ವನೂ ಹೆತ್ತ ಮೇಲೆ ಹೀಗೇ ಗೋಡೆಗೆ ಮುಖ ಮಾಡಿ ಕೂತಿದ್ದಳು. ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪಿನಿಂದ ನಿವಾಳಿಸಿದರು, ತಾಯಿತ ಕಟ್ಟಿದರು, ಸೊಕ್ಕು ಅಂತ ಬೈದರು. ಕಾಯಿಲೆ ಅಂತ ಮಾತ್ರ ಯಾರೂ ಅನ್ನಲಿಲ್ಲ. ಚಿಗವ್ವ ಈ ಕಡೆ ತಿರುಗುವ ಹೊತ್ತಿಗೆ ಅವಳ ಮಗಳು ನಮ್ಮವ್ವನನ್ನೇ ಅವ್ವ ಅನ್ನಲು ಕಲಿತಿದ್ದಳು.

ಅದಕ್ಕೇ, ವಡ್ಡು ಊರಿನ ಫ್ಯಾಕ್ಟರಿಯಲ್ಲಿ ದುಡಿಯುವ ಅಳಿಯ ಬಸವರಾಜ, "ಅತ್ತಿ, ಪ್ಯಾಟ್ಯಾಗ ಮನಸಿನ ಡಾಕ್ಟರ್ ಅದಾರ, ನಡ್ರಿ" ಅಂದಾಗ ನಾನು ಎರಡನೆಯ ಮಾತಾಡದೆ ಪಂಪಿಯನ್ನೂ ಕೂಸನ್ನೂ ಕರೆದುಕೊಂಡು ಆಟೋ ಹತ್ತಿದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲು ಪಂಪಿಯ ಜೊತೆ ಮಾತಾಡಿ, ಅವಳನ್ನು ಹೊರಗೆ ಕೂರಿಸಿ, ನನ್ನನ್ನೂ ಅಳಿಯನನ್ನೂ ಒಳಗೆ ಕರೆದರು. "ಇದು ಬಾಣಂತಿ ಖಿನ್ನತೆ ಅಮ್ಮ. ನಿಮ್ಮ ಮಗಳ ತಪ್ಪಲ್ಲ, ವಾಸಿಯಾಗುತ್ತೆ" ಅಂದರು. ಮೆದುಳಿನಲ್ಲಿ ಸುದ್ದಿ ಒಯ್ಯುವ ಸಣ್ಣ ಸಣ್ಣ ಪದಾರ್ಥಗಳಿರುತ್ತವಂತೆ, ಅವಕ್ಕೆ ನ್ಯೂರೋಪೆಪ್ಟೈಡ್ ಅನ್ನುತ್ತಾರಂತೆ. ನನ್ನ ಬಾಯಲ್ಲಿ ಅದು ಪೆಪ್ಪರಮೆಂಟಾಯಿತು. ಅದರಲ್ಲೊಂದು ಆಕ್ಸಿಟೋಸಿನ್. ಹೆರಿಗೆ ನೋವು ತರುವುದೂ ಅದೇ, ಎದೆಗೆ ಹಾಲು ಇಳಿಸುವುದೂ ಅದೇ. ಕೂಸಿನ ಮೇಲೆ ಮಮತೆ ಹುಟ್ಟಿಸುವುದರಲ್ಲೂ ಅದರ ಕೈ ಇದೆಯಂತೆ.

ಆಕ್ಸಿಟೋಸಿನ್! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎಮ್ಮೆ ಕಟ್ಟಿ, ಹಾಲು ಮಾರಿ ಬದುಕಿದವಳಿಗೆ ಆ ಹೆಸರು ಗೊತ್ತಿಲ್ಲವೇ? ಹಾಲಿನ ಆಸೆಗೆ ಕೆಲವರು ಕದ್ದುಮುಚ್ಚಿ ತಂದು ಎಮ್ಮೆಗೆ ಚುಚ್ಚುವ ಸೂಜಿ ಅದು.

"ನನ್ನ ಮಗಳೇನು ಎಮ್ಮಿ ಏನ್ರಿ ಡಾಕ್ಟರವ್ವಾರ? ಆ ಸೂಜಿ ನಮ್ಮ ಎಮ್ಮಿ ಗೌರಿಗೇ ಹಾಕಿಸಿಲ್ಲ ನಾನು, ಮಗಳಿಗೆ ಹಾಕಸ್ತೀನೇನು?"

ಅಳಿಯ ತಲೆ ತಗ್ಗಿಸಿದ. ಡಾಕ್ಟರಮ್ಮ ನಕ್ಕರು. "ಕೂತ್ಕೊಳ್ಳಿ ಅಮ್ಮ, ಅದನ್ನ ಕೊಡಲ್ಲ. ಖಿನ್ನತೆಗೆ ಅದು ಮದ್ದಾಗುತ್ತೋ ಇಲ್ವೋ, ಇನ್ನೂ ಹುಡುಕ್ತಾ ಇದಾರೆ. ನಾನು ಕೊಡೋ ಗುಳಿಗೆ ಬೇರೆ, ಹಾಲು ಕುಡಿಸೋರು ತಗೋಬಹುದು. ಪಂಪಾವತಿ ವಾರಕ್ಕೊಮ್ಮೆ ಬಂದು ನನ್ನ ಹತ್ರ ಮಾತಾಡಲಿ. ಅದಿರಲಿ, ನಿಮ್ಮ ಗೌರಿ ಹೆದರಿದ್ರೆ ಹಾಲು ಕೊಡ್ತಾಳಾ?"

"ಎಲ್ಲಿ ಕೊಡ್ತಾಳ್ರಿ! ಪಟಾಕಿ ಸಪ್ಪಳ ಕೇಳಿದ್ರ ಸಾಕು, ಹಾಲು ಮ್ಯಾಲ ಏರಿಸಿಬಿಡ್ತಾಳ."

"ಆಗ ಏನ್ ಮಾಡ್ತೀರಿ?"

"ಮಂದೀನ ಹೊರಗ ಕಳಿಸಿ, ಬಿಸಿನೀರಿಲೆ ಮೈ ತೊಳದು, ಕುತ್ತಿಗಿ ತುರಸ್ತೀನಿ. ಜಬರದಸ್ತಿ ಮಾಡಂಗಿಲ್ರಿ."

"ಮನೇಲೂ ಹಾಗೇ ಇರಿ. ಅವಳು ನಿದ್ದೆ ಮಾಡಲಿ. ಗುಳಿಗೆ ಮಾತ್ರ ತಪ್ಪಿಸಬೇಡಿ."

ಹೀಗೆ ಮಗಳನ್ನು ಎಮ್ಮೆ ಮಾಡಿಕೊಂಡು ಮನೆಗೆ ಬಂದೆ. ಬಾಣಂತಿಯನ್ನು ನೋಡಲು ಬಂದವರಿಗೆಲ್ಲ ಕಟ್ಟೆಯ ಮೇಲೇ ಚಹಾ. "ಒಳಗ ಬಿಡಂಗಿಲ್ಲಂದ್ರ ಹೆಂಗಬೇ? ನಮ್ಮ ದೃಷ್ಟಿ ತಾಗತೈತೇನು?" ಅಂತ ಎದುರುಮನೆಯ ಸಾವಿತ್ರಿ ಮುನಿಸಿಕೊಂಡಳು. "ನಿನ್ನ ದೃಷ್ಟಿಗೆ ಅಂಜಂಗಿಲ್ಲಬೇ, ನಿನ್ನ ಬಾಯಿಗೆ ಅಂಜತೀನಿ" ಅಂದೆ. ಅಳಿಯ ಶಿಫ್ಟು ಮುಗಿಸಿ ಬಂದು ಕೂಸಿನ ಬಟ್ಟೆ ಒಗೆದ. ಪಂಪಿ ಮಲಗಲೆಂದು ಕೂಸನ್ನು ನಾನು ಎತ್ತಿಕೊಂಡು ತಿರುಗಿದೆ.

ಮೊದಮೊದಲು ಏನೂ ಆಗಲಿಲ್ಲ. ಡಾಕ್ಟರಮ್ಮನನ್ನು ಮನಸ್ಸಿನಲ್ಲೇ ದಿನಾ ಬೈದೆ. ಆಮೇಲೆ ಒಂದು ದಿನ ಪಂಪಿ ತಾನೇ ತಲೆ ಬಾಚಿಕೊಂಡಳು. ಇನ್ನೊಂದು ದಿನ, ಚಹಾಕ್ಕೆ ಸಕ್ಕರೆ ಸಾಲದು ಅಂದಳು. ಇವತ್ತು, ನೋಡಿ, ಬೈದೇಬಿಟ್ಟಳು. ಗುಳಿಗೆ ನಿಲ್ಲಿಸುವ ಹಾಗಿಲ್ಲ, ಬೇಸರದ ದಿನಗಳು ಮತ್ತೆ ಬರಬಹುದು ಅಂತ ಡಾಕ್ಟರಮ್ಮ ಫೋನಿನಲ್ಲಿ ಎಚ್ಚರಿಸಿದ್ದಾರೆ. ಬರಲಿ, ಈಗ ಅವುಗಳ ಹೆಸರು ನಮಗೆ ಗೊತ್ತಿದೆ.

ಸಂಜೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಮ್ಮ ಯಜಮಾನರು, ಅಳಿಯ, ಪಂಪಿ, ನಾನು, ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಅಷ್ಟರಲ್ಲಿ ತೊಟ್ಟಿಲಲ್ಲಿ ಕೂಸು ಅತ್ತಿತು. ರೂಢಿಯಂತೆ ನಾವು ಮೂವರೂ ಎದ್ದೆವು.

"ಕುಂದ್ರಿ ಎಲ್ಲಾರೂ, ಉಣ್ರಿ. ಅವ ನನ್ನ ಕರಿಯಾಕತ್ಯಾನ" ಅಂತ ಪಂಪಿ ಎದ್ದು ಹೋದಳು.

ಕೂಸನ್ನು ತಂದು, ನಮ್ಮ ನಡುವೆಯೇ ಕೂತು, ಸೆರಗು ಮುಚ್ಚಿ ಎದೆಗೆ ಹಚ್ಚಿಕೊಂಡು ಅದರ ಮುಖವನ್ನೇ ನೋಡತೊಡಗಿದಳು. ಕೈ ಖಾಲಿಯಿಲ್ಲವಲ್ಲ, ನಾನೇ ರೊಟ್ಟಿ ಮುರಿದು ಬಾಯಿಗಿಟ್ಟೆ. ಅವಳು ಕಣ್ಣೆತ್ತದೆಯೇ ಅಂದಳು:

"ದೊಡ್ಡ ತುತ್ತು ಕೊಡಬೇ ಯವ್ವ. ಭಾಳ ಹಸಿವ್ಯಾಗೈತಿ."