ಕಾಪುವಿನ ಮರಳಲ್ಲಿ ಎದ್ದ ಕಲ್ಲಣಬೆ

ನಮ್ಮ ಕಾರ್ಕಳದಲ್ಲಿ ರವಿಕೆ ಹೊಲಿಸುವುದಾದರೆ ಸೆಲೀನ್ ಬಾಯಿಯ ಹತ್ತಿರವೇ ಹೊಲಿಸಬೇಕು. ಕಾಲು ಇಂಚು ತಪ್ಪಿದರೂ ಇಡೀ ತೋಳು ಬಿಚ್ಚಿ ಮತ್ತೆ ಹೊಲಿಯುವ ಹೆಂಗಸು. ಅವರ ಅಳತೆ ಪುಸ್ತಕದ ಮುಂದಿನ ಹಾಳೆಗಳಲ್ಲಿ ಊರ ಹೆಂಗಸರ ಎದೆ, ಸೊಂಟ, ತೋಳು. ಹಿಂದಿನ ಹಾಳೆಗಳಲ್ಲಿ ಕಲ್ಲಣಬೆ. ಮುಂಗಾರಿನ ಮೊದಲ ಮಳೆಗೆ ಕೆಂಪು ಮುರಕಲ್ಲಿನ ನೆಲದಿಂದ ಏಳುವ ಆ ಗುಂಡು ಅಣಬೆಗಳನ್ನು ಹನ್ನೊಂದು ವರ್ಷ ಟೇಪು ಹಿಡಿದು ಅಳೆದು ಬರೆದಿದ್ದಾರೆ. ಹುಚ್ಚಲ್ಲದೆ ಮತ್ತೇನು? ಅಣಬೆಗೆ ಯಾರಾದರೂ ರವಿಕೆ ಹೊಲಿಯುತ್ತಾರೆಯೇ?

ಮಣಿಪಾಲದಲ್ಲಿ ಸಂಶೋಧನೆ ಮಾಡುವ ಭವ್ಯಶ್ರೀ ರವಿಕೆಗೆಂದು ಬಂದವಳು ಆ ಹಾಳೆಗಳನ್ನು ಕಂಡು ಅಲ್ಲೇ ಕೂತುಬಿಟ್ಟಳು. ಊರವರು ತಾವು ಕಂಡ ಅಣಬೆಗಳನ್ನು ಮೊಬೈಲಿನ ಒಂದೇ ನಕ್ಷೆಯಲ್ಲಿ ಗುರುತಿಸುವಂತೆ ಮಾಡುವುದು ಅವಳ ಕೆಲಸ. ಯಾವ ಮರದ ಬುಡದಲ್ಲಿ ಯಾವುದು ಏಳುತ್ತದೆಂದು ತಿಳಿದರೆ ಆ ಮರಗಳನ್ನು ಉಳಿಸಿಕೊಳ್ಳಬಹುದಂತೆ. ಸೆಲೀನ್ ಬಾಯಿ ಒಂದು ವಾರ ಹೊಲಿಗೆ ಬಿಟ್ಟು ಹನ್ನೊಂದು ವರ್ಷದ್ದನ್ನೂ ತುಂಬಿಸಿದರು. ನೆರೆಮನೆಯ ಬೇಬಿ, ಅಂದರೆ ನಾನು, ಹಿಂದೆ ಬೀಳುತ್ತೇನೆಯೇ? ನಾನೂ ಆ ಗುಂಪಿಗೆ ಸೇರಿ ಒಂದಿಷ್ಟು ಗುರುತು ಹಾಕಿದೆ.

ಮುಂದಿನ ಜೂನಿನಲ್ಲಿ ಭವ್ಯಶ್ರೀ ಇಬ್ಬರು ಸಂಗಡಿಗರೊಂದಿಗೆ ಸೆಲೀನ್ ಬಾಯಿಯ ಗುರುತುಗಳನ್ನು ಹುಡುಕಿಕೊಂಡು ಕಾಪುವಿಗೆ ಹೋದಳು. ಅಲ್ಲಿ ದೀಪಸ್ತಂಭ, ಮರಳು, ಎದುರಿಗೆ ಸಮುದ್ರ. ಜಡಿಮಳೆಯಲ್ಲಿ ಮೂವರೂ ಬಗ್ಗಿ ಹುಡುಕುವುದನ್ನು ಕಂಡ ಮೀನಿನವರು "ಎಂತ, ಸರ ಬಿದ್ದುಹೋಯಿತಾ?" ಎಂದು ಕೇಳಿದರಂತೆ.

ಒದ್ದೆ ಬಟ್ಟೆಯಲ್ಲೇ ಅವಳು ಕಾರ್ಕಳಕ್ಕೆ, ಸೆಲೀನ್ ಬಾಯಿಯ ಮನೆಗೆ ಬಂದಳು. ನಾನು ಬೇಲಿಯ ಹತ್ತಿರವೇ ನಿಂತಿದ್ದೆ.

"ಬಾಯಿ, ಕಲ್ಲಣಬೆ ಮರಳಲ್ಲಿ ಆಗುತ್ತದಾ?"

ಸೆಲೀನ್ ಬಾಯಿ ಸೂಜಿಗೆ ನೂಲು ಪೋಣಿಸುತ್ತಲೇ ಹೇಳಿದರು, "ಇಲ್ಲ ಮಗಾ. ಅಣಬೆ ಸಿಗುವ ಜಾಗ ಹೇಳುವ ಕ್ರಮ ನಮ್ಮಲ್ಲಿ ಇಲ್ಲ. ನನ್ನ ಅಮ್ಮ ನನಗೆ ತೋರಿಸಿದ ಜಾಗವನ್ನು ನನ್ನ ಅಕ್ಕನಿಗೂ ಹೇಳಿರಲಿಲ್ಲ. ಜಾಗ ಒಂದು ಬಿಟ್ಟು ಉಳಿದದ್ದೆಲ್ಲ ಸರಿ ಉಂಟು."

"ಜಾಗ ಸರಿಯಿಲ್ಲದಿದ್ದರೆ ಹನ್ನೊಂದು ವರ್ಷದ್ದನ್ನೂ ಅಳಿಸಬೇಕಾಗುತ್ತದೆ ಬಾಯಿ. ಹೊರಗಿನವರಿಗೆ ತಾಲೂಕು ಮಾತ್ರ ಕಾಣುವ ಹಾಗೆ ಮಾಡುತ್ತೇವೆ. ಗುಂಪಿನವರಿಗೆ ಮಾತ್ರ ಪೂರ್ತಿ ಕಾಣುತ್ತದೆ."

ಗುಂಪಿನವಳು ಎಂದರೆ ಬೇಲಿಯಾಚೆಯ ನಾನೇ. ಸೆಲೀನ್ ಬಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನಗೆ ಪಿತ್ತ ನೆತ್ತಿಗೇರಿತು.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನಿಮ್ಮದು," ಎಂದೆ. "ಓದಿದ ಹುಡುಗಿಯನ್ನು ಮಳೆಯಲ್ಲಿ ನೆನೆಸಿದಿರಲ್ಲ, ಸ್ವಲ್ಪವಾದರೂ ನಾಚಿಕೆ ಬೇಡವಾ?"

ಆಮೇಲೆ ಮೂರು ದಿನ ಅವರ ಹೊಲಿಗೆ ಯಂತ್ರದ ಸದ್ದೇ ಇಲ್ಲ. ಊಟವೂ ಸೇರುತ್ತಿಲ್ಲ ಎಂದು ಅವರ ಗಂಡ ಮೌರಿಸ್ ಹೇಳಿದರು. ಪಾಪ, ಜಾಗ ಹೇಳಿದರೆ ಅಮ್ಮ ಕೊಟ್ಟದ್ದು ಹೋಗುತ್ತದೆ. ಹೇಳದಿದ್ದರೆ ತಾನು ಬರೆದದ್ದು ಹೋಗುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಬೇಲಿಯ ಹತ್ತಿರ ಬಂದರು. "ಬೇಬಿ, ಬುಟ್ಟಿ ಹಿಡಿದುಕೊಂಡು ಬಾ. ನೀನು ಮೊಬೈಲಿನಲ್ಲಿ ನೋಡಿ ತಿಳಿಯುವುದು ಬೇಡ, ನಾನೇ ತೋರಿಸುತ್ತೇನೆ."

ಗುಡ್ಡ ಹತ್ತಿ ಬೋಗಿ ಮರಗಳ ಕೆಳಗೆ ನಿಂತೆವು. ಅವರು ಮೊಬೈಲನ್ನು ನನ್ನ ಕೈಗೆ ಕೊಟ್ಟು, ಸರಿಯಾದ ಗುರುತನ್ನು ನನ್ನಿಂದಲೇ ಒತ್ತಿಸಿದರು. ಹೆಕ್ಕಿದ್ದರಲ್ಲಿ ಮುಕ್ಕಾಲು ಪಾಲನ್ನು ನನ್ನ ಬುಟ್ಟಿಗೇ ಸುರಿದರು. ನನ್ನ ಕಣ್ಣು ತುಂಬಿ ಬಂತು.

ಮನೆಗೆ ಬಂದವಳು ಅಣಬೆ ತೊಳೆಯುವುದಕ್ಕೂ ಮೊದಲು ಭವ್ಯಶ್ರೀಗೆ ಫೋನ್ ಮಾಡಿದೆ. ಹೂಡೆ ಊರಿನ ಹೊಳೆಬದಿಯಲ್ಲಿ ನಾನು ಹಾಕಿದ್ದ ಆರು ಸುಳ್ಳು ಗುರುತುಗಳನ್ನು ಹುಡುಕಲು ಅವಳು ಆಗಲೇ ಬಸ್ಸು ಹತ್ತಿ ಕೂತಿದ್ದಳು.

"ಇಳಿ ಮಗಾ," ಎಂದೆ. "ಕಾರ್ಕಳದ ಬಸ್ಸು ಹಿಡಿ."