ಸರ್ ದನಿಯಲ್ಲಿ ‘ಟೇಕ್’

ಟ್ಯೂಷನ್ ಸರ್ ಮಾತಾಡುವ ಮುಂಚೆ ಅವರ ಕೊರಳಿನ ಗಂಟು ಲಿಫ್ಟಿನ ಹಾಗೆ ಮೇಲೆ ಹೋಗಿ, ಒಂದು ಗಳಿಗೆ ನಿಂತು, ಇಳಿಯುತ್ತಿತ್ತು. ಆಮೇಲೆಯೇ ಮಾತು. ಮಾನ್ವಿಯಲ್ಲಿ ಅವರ ಬಳಿ ಇಂಗ್ಲಿಷ್ ಕಲಿತವರಲ್ಲಿ ಆ ಗಂಟನ್ನೂ ಅಣಕಿಸಲು ಬರುತ್ತಿದ್ದವನು ನಾನೊಬ್ಬನೇ. ಬೇರೆ ಯಾವುದರಲ್ಲೂ ಮೊದಲು ಬಂದವನಲ್ಲ, ಅದಕ್ಕೇ ಹೇಳಿಕೊಳ್ಳುತ್ತಿದ್ದೇನೆ.

ಒಂದು ಇಂಗ್ಲಿಷ್ ಪದ ಕೊಟ್ಟು, ಅದರ ಕನ್ನಡವನ್ನು ಮನೆಯಿಂದ, ಸಂತೆಯಿಂದ ಕೇಳಿಕೊಂಡು ಬನ್ನಿ ಎನ್ನುವುದು ಅವರ ಪದ್ಧತಿ. ‘ಟೇಕ್’ ಕೊಟ್ಟಾಗ ನಾನು ‘ತಗೊ’ ಅಂತ ಒಂದನ್ನೇ ತಂದೆ.

“ದೇವದುರ್ಗಕ್ಕ ಹೋಗಾಕ ಟೇಕ್ ಎ ಬಸ್ ಅಂದ್ರ ಬಸ್ಸೇ ತಗೊಂತೀಯೇನಲೇ? ನಿಮ್ಮಪ್ಪ ಅಷ್ಟು ಸಾಹುಕಾರನಾ?”

“ಇಲ್ರೀ ಸರ್, ಹಿಡೀತೀನ್ರಿ.”

“ಗುಳಗಿ?”

“ನುಂಗ್ತೀನ್ರಿ.”

“ಫೋಟೊ?”

“ತೆಗೀತೀನ್ರಿ.”

“ಸ್ನಾನ?”

“ಅಂವ ಮಾಡಂಗೇ ಇಲ್ರಿ ಸರ್,” ಎಂದಳು ಹಿಂದೆ ಕೂತವಳು.

ಎಲ್ಲರೂ ನಕ್ಕರು, ನಾನೂ. ಸರ್ ನಗಲಿಲ್ಲ. “ನಮ್ಮ ಮಂದಿ ಒಂದೊಂದು ಕೆಲಸಕ್ಕ ಒಂದೊಂದು ಆಳು ಇಟ್ಟಾರ. ಇಂಗ್ಲಿಷಿನವರು ಎಲ್ಲಾದಕ್ಕೂ ಒಬ್ಬನ್ನೇ ದುಡಿಸ್ತಾರ” ಎಂದರು.

ನಾನು ಡಿಗ್ರಿ ಮುಗಿಸುವಷ್ಟರಲ್ಲಿ ಅವರ ದನಿ ಒಡೆಯಿತು. ಗಂಟಲ ಕ್ಯಾನ್ಸರ್, ಧ್ವನಿಪೆಟ್ಟಿಗೆ ತೆಗೆಯಬೇಕೆಂದರು ರಾಯಚೂರಿನ ಡಾಕ್ಟರು. ತೆಗೆದರೆ ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ. ಸರ್ ನನ್ನನ್ನು ಕರೆಸಿದರು.

“ನನ್ನಂಗ ಮಾತಾಡು.”

ಅವರೆದುರಿಗೇ ಮಾಡಿದ್ದು ಅದೇ ಮೊದಲು. ಮದುವೆ ಮನೆಗಳಲ್ಲಿ ಮಾಡುವ ಹಾಗೆ ಭರ್ಜರಿಯಾಗಿ ಶುರು ಮಾಡಿದೆ.

“ಅಷ್ಟು ಜೋರಿಲ್ಲಲೇ ನಾನು. ಇಳಿಸು.”

ಇಳಿಸಿದೆ.

“ಓಡಬ್ಯಾಡ. ಹುಡುಗ್ರು ತಪ್ಪು ಹೇಳಿದ್ರ ಸ್ವಲ್ಪ ತಡಿ. ತಾವೇ ತಿದ್ಕೊಂತಾರ.”

ಆಪರೇಷನ್ನಿನ ಹಿಂದಿನ ದಿನದವರೆಗೂ ಹೋದೆ. ತಮ್ಮ ದನಿ ಸವೆಯುತ್ತಿದ್ದಂತೆ ಅದನ್ನು ನನಗೆ ತಿದ್ದಿ ತಿದ್ದಿ ಕಲಿಸಿದರು.

ಆಮೇಲೆ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಅವರು ಬೋರ್ಡಿನ ಮೇಲೆ ಬರೆದರು, ನಾನು ಪಕ್ಕದಲ್ಲಿ ನಿಂತು ಅವರ ದನಿಯಲ್ಲಿ ಹೇಳಿದೆ. ಮೊದಲ ದಿನ ಹುಡುಗರು ನಕ್ಕರು. ಬರಬರುತ್ತಾ ನನ್ನ ಕಡೆ ನೋಡುವುದನ್ನೇ ಬಿಟ್ಟರು. ಪ್ರಶ್ನೆ ಸರ್‌ಗೆ, ನಮಸ್ಕಾರ ಸರ್‌ಗೆ. ಊರನ್ನೆಲ್ಲ ನಗಿಸುವ ನಾನು ಅಲ್ಲಿ ಬರೀ ಬಾಯಿ. ಹೊಟ್ಟೆಕಿಚ್ಚಾಗುತ್ತಿತ್ತು, ಆದರೂ ಒಂದು ದಿನವೂ ತಪ್ಪಿಸಲಿಲ್ಲ.

ರೋಗ ಮರಳಿ ಬಂತು. ಸರ್ ಹೋದರು. ಪಾಠ ನಿಲ್ಲಿಸಬೇಡ ಎಂದವರು ಅವರ ಹೆಂಡತಿಯೇ, ನಾವೆಲ್ಲ ಅಮ್ಮ ಎನ್ನುತ್ತಿದ್ದವರು. ಸರ್ ಮನೆಯಲ್ಲೇ ಮತ್ತೆ ಶುರುವಾದ ದಿನ ಒಬ್ಬ ಹುಡುಗಿ, “ಟೇಕ್ ಕೇರ್‌ಗೆ ಏನಂತಾರ್ರಿ?” ಎಂದಳು. ಸ್ವಲ್ಪ ತಡೆದೆ. ಅವಳು ತಿದ್ದಿಕೊಳ್ಳುವಂಥದ್ದೇನೂ ಇರಲಿಲ್ಲ.

“ಮನಿ ಬಿಡಾಗ ನಿಮ್ಮವ್ವ ಏನಂತಾಳ? ಹುಷಾರು ಅನ್ನಂಗಿಲ್ಲೇನು?”

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಅಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದರು.

“ಸಾಕಪ್ಪ. ಒಳಗ ಕುಂತು ಕೇಳಾಕ ನನ್ನ ಕೈಲಿ ಆಗವಲ್ದು. ಇನ್ನ ನಿನ್ನ ದನೀಲೇ ಹೇಳು.”

“ಆಯ್ತ್ರಿ ಅಮ್ಮ” ಅಂದೆ.

ಅದೂ ಸರ್ ದನಿಯಲ್ಲೇ ಬಂತು.